ಶಿಕ್ಷಣ ಕಾಯ್ದೆಗಳು ರೂಪುಗೊಂಡ ಬಗೆ ಮತ್ತು ನಮ್ಮ ನಾಲ್ಕು ಊರುಗಳು

ಪವಿತ್ರ ಕುರ್‌ಆನಿನ ಅವತರಣ ಓದಿನ ಆಜ್ಞೆಯಿಂದಲೇ ಆರಂಭವಾಯಿತು. ಹೀಗಾಗಿ ಜ್ಞಾನಾರ್ಜನೆ ನಮಗೆ ಧಾರ್ಮಿಕ ಕರ್ತವ್ಯವೂ ಹೌದು. ಆದರೆ ಮಗು ಓದಬೇಕಾದರೆ ಶಾಲೆ ಬೇಕು, ಶಿಕ್ಷಕರು ಬೇಕು, ಹಣ ಬೇಕು. ಇವುಗಳನ್ನು ಯಾರು, ಎಲ್ಲಿ ಕುಳಿತು ತೀರ್ಮಾನಿಸುತ್ತಾರೆ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಪಾಲಕರು ಅರಿಯಬೇಕಾದ ಇತಿಹಾಸವಿದು.

1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಇಂಪೀರಿಯಲ್ ಶಾಸನಸಭೆಯಲ್ಲಿ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಸ್ಥಳೀಯ ಸಂಸ್ಥೆಗಳು ತಮ್ಮ ವ್ಯಾಪ್ತಿಯಲ್ಲಿ ಶಿಕ್ಷಣವನ್ನು ಕಡ್ಡಾಯಗೊಳಿಸಲು ಅವಕಾಶವಿರಲಿ, ಖರ್ಚಿನ ಮೂರರಲ್ಲಿ ಎರಡು ಪಾಲನ್ನು ಸರ್ಕಾರ ಕೊಡಲಿ ಎಂಬುದು ಅವರ ಬೇಡಿಕೆಯಾಗಿತ್ತು. ಮಸೂದೆಯನ್ನು ಪ್ರಾಂತಗಳ ಅಭಿಪ್ರಾಯಕ್ಕೆ ಕಳುಹಿಸಲಾಯಿತು. ಹಣದ ಅಭಾವ ಮತ್ತು ಜನರಿಂದ ಬೇಡಿಕೆ ಇಲ್ಲವೆಂಬ ಕಾರಣ ಹೇಳಿ ಸರ್ಕಾರ ವಿರೋಧಿಸಿತು. ಬೊಂಬಾಯಿ ಮುಸ್ಲಿಮರ ಪ್ರತಿನಿಧಿಯಾಗಿದ್ದ ಮುಹಮ್ಮದ್ ಅಲಿ ಜಿನ್ನಾ ಬೆಂಬಲಿಸಿ ಮಾತನಾಡಿದರು. ಆದರೂ 1912ರ ಮಾರ್ಚ್‌ನಲ್ಲಿ ಪರವಾಗಿ 13, ವಿರುದ್ಧವಾಗಿ 38 ಮತಗಳು ಬಿದ್ದು ಮಸೂದೆ ಸೋತಿತು. ಸಭೆಯಲ್ಲಿ ಸರ್ಕಾರದ ಪರವಾದವರದೇ ಬಹುಮತವಾಗಿತ್ತು.

ಆ ಪ್ರಯತ್ನ ವ್ಯರ್ಥವಾಗಲಿಲ್ಲ. ವಿಠ್ಠಲಭಾಯಿ ಪಟೇಲರು ಅದೇ ಆಶಯದ ಮಸೂದೆಯನ್ನು ಬೊಂಬಾಯಿ ಶಾಸನಸಭೆಯಲ್ಲಿ ಮಂಡಿಸಿದರು. ಅದು 1918ರಲ್ಲಿ ಕಾಯ್ದೆಯಾಯಿತು. ಬೈಲಹೊಂಗಲ, ಕಿತ್ತೂರು, ಸವದತ್ತಿಗಳು ಆಗ ಬೊಂಬಾಯಿ ಪ್ರಾಂತದ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ಆದರೆ ಕಾಯ್ದೆ ಅನ್ವಯವಾದದ್ದು ಪುರಸಭೆಗಳಿಗೆ ಮಾತ್ರ. ಅವು ಶಿಕ್ಷಣವನ್ನು ಕಡ್ಡಾಯ 'ಮಾಡಬಹುದು' ಎಂದಿತ್ತೇ ಹೊರತು 'ಮಾಡಲೇಬೇಕು' ಎಂದಿರಲಿಲ್ಲ. ಹಳ್ಳಿಗಳು ಹೊರಗೇ ಉಳಿದವು. 1923ರ ಕಾಯ್ದೆ ಪ್ರಾಥಮಿಕ ಶಾಲೆಗಳ ಆಡಳಿತವನ್ನು ಜಿಲ್ಲಾ ಲೋಕಲ್ ಬೋರ್ಡುಗಳಿಗೂ ವಹಿಸಿತು. ಆಗ ಶಿಕ್ಷಣ ಖಾತೆ ಭಾರತೀಯ ಮಂತ್ರಿಯ ಕೈಯಲ್ಲಿತ್ತು. ಹಣಕಾಸು ಮಾತ್ರ ಗವರ್ನರರ ಕಾರ್ಯಕಾರಿ ಮಂಡಳಿಯ ಹಿಡಿತದಲ್ಲಿ ಉಳಿದಿತ್ತು. ಅಂದರೆ ಶಾಲೆ ತೆರೆಯಬೇಕೆನ್ನುವವರು ಒಬ್ಬರು, ದುಡ್ಡಿನ ಚೀಲ ಹಿಡಿದವರು ಇನ್ನೊಬ್ಬರು.

ರಾಮದುರ್ಗದ ಕಥೆಯೇ ಬೇರೆ. ಅದು ಭಾವೆ ಮನೆತನದ ಸಂಸ್ಥಾನ. ಬೊಂಬಾಯಿಯ ಕಾಯ್ದೆಗಳು ಅಲ್ಲಿ ತಾವಾಗಿ ಜಾರಿಯಾಗುತ್ತಿರಲಿಲ್ಲ. ಸವದತ್ತಿಯಿಂದ ರಾಮದುರ್ಗಕ್ಕೆ ಹೋದವನು ಒಂದು ಕಾಯ್ದೆಯ ಎಲ್ಲೆಯನ್ನೇ ದಾಟುತ್ತಿದ್ದ. 1948ರಲ್ಲಿ ಸಂಸ್ಥಾನ ವಿಲೀನವಾದ ಮೇಲೆ ನಾಲ್ಕೂ ಊರುಗಳು ಒಂದೇ ಪ್ರಾಂತದ ಆಡಳಿತಕ್ಕೆ ಬಂದವು. ಅಷ್ಟರಲ್ಲಿ ಅಲ್ಲಿ 1947ರ ಬೊಂಬಾಯಿ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದಿತ್ತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಆ ರಾಜ್ಯ ತನ್ನದೇ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆಯನ್ನು ಮಾಡಿತು.

ನಮ್ಮ ಉರ್ದು ಶಾಲೆಗಳಿಗೆ ಮಹತ್ವದ ತೀರ್ಮಾನ ಆದದ್ದೂ 1956ರಲ್ಲೇ. ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350-ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ 'ಪ್ರಯತ್ನಿಸಬೇಕು' ಎಂದು ಅದು ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಬೋಧನೆ 'ಸಾಧ್ಯವಾದ ಮಟ್ಟಿಗೆ' ಮಾತೃಭಾಷೆಯಲ್ಲಿರಬೇಕು ಎನ್ನುತ್ತದೆ.

ಓದುಗರು ಈ ಶಬ್ದಗಳನ್ನು ಗಮನಿಸಬೇಕು: ಮಾಡಬಹುದು, ಪ್ರಯತ್ನಿಸಬೇಕು, ಸಾಧ್ಯವಾದ ಮಟ್ಟಿಗೆ. ಶಾಸಕರು ಕಾಯ್ದೆ ಬರೆಯುವಾಗ ಅರ್ಧ ತೀರ್ಮಾನವನ್ನು ಕೆಳಗಿನವರಿಗೆ ಬಿಟ್ಟಿರುತ್ತಾರೆ. ಆ ಉಳಿದರ್ಧ ನಿರ್ಧಾರವಾಗುವ ಸಭೆಯಲ್ಲಿ ನಾವಿಲ್ಲದಿದ್ದರೆ 'ಸಾಧ್ಯವಿಲ್ಲ' ಎಂದು ಬರೆಯುವುದು ಸುಲಭ. 1912ರಲ್ಲಿ ಹೇಳಿದ ಕಾರಣವೂ ಅದೇ: ಜನರ ಬೇಡಿಕೆ ಇಲ್ಲ.

ಇಂದು ಬೇಡಿಕೆ ಸಲ್ಲಿಸುವ ಸ್ಥಳ ನಮ್ಮ ಓಣಿಯಲ್ಲೇ ಇದೆ. ಕರ್ನಾಟಕ ಸರ್ಕಾರ 2001ರಲ್ಲಿ ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ ರಚಿಸಿತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಸಮಿತಿ ತಯಾರಿಸುವ ಶಾಲಾ ಅಭಿವೃದ್ಧಿ ಯೋಜನೆಯೇ ಅನುದಾನಕ್ಕೆ ಆಧಾರ. ಉರ್ದು ಶಿಕ್ಷಕರ ಕೊರತೆ, ಕೊಠಡಿಯ ಸೋರಿಕೆ, ಹೆಣ್ಣುಮಕ್ಕಳ ಶೌಚಾಲಯ ಎಲ್ಲವೂ ಆ ಕಾಗದದಲ್ಲಿ ಬರಬೇಕು.

ಆದ್ದರಿಂದ ಪಾಲಕರಲ್ಲಿ, ವಿಶೇಷವಾಗಿ ತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೇ. ಸಮಿತಿಯ ಸಭೆಗೆ ತಪ್ಪದೆ ಬನ್ನಿ. ಠರಾವನ್ನು ಓದಿಸಿ ಕೇಳಿದ ಮೇಲೆಯೇ ಸಹಿ ಮಾಡಿ. ಗೋಖಲೆಯವರಿಗೆ ಅಂದು ಹದಿಮೂರೇ ಮತಗಳು ಸಿಕ್ಕವು. ನಮ್ಮ ಮಕ್ಕಳ ಪರವಾಗಿ ಕೈ ಎತ್ತುವವರು ಕಡಿಮೆಯಾಗದಿರಲಿ. ಅಲ್ಲಾಹನು ನಮ್ಮ ಪ್ರಯತ್ನವನ್ನು ಸಫಲಗೊಳಿಸಲಿ. ಆಮೀನ್.