ಹೂದೋಟದ ಲೆಕ್ಕ

2016ರ ಏಪ್ರಿಲ್ 18. ಆ ವರ್ಷ ಅಮೆರಿಕದಲ್ಲಿ ಆದಾಯ ತೆರಿಗೆ ಲೆಕ್ಕ ಸಲ್ಲಿಸಲು ಅದೇ ಕಡೆಯ ದಿನ. ನನ್ನಂಥ ಲೆಕ್ಕಿಗರಿಗೆ ಅದು ವರ್ಷದ ಜಾತ್ರೆ. ಆಗ ನಾವು ಹ್ಯೂಸ್ಟನ್‌ನಲ್ಲಿದ್ದೆವು. ಹಿಂದಿನ ರಾತ್ರಿ ಹಿಡಿದ ಮಳೆ ಬೆಳಗಾಗುವುದರೊಳಗೆ ಬೀದಿಗಳನ್ನು ಹೊಳೆ ಮಾಡಿಬಿಟ್ಟಿತ್ತು. ನಮ್ಮ ಮನೆಯ ಕೆಳಗಿನ ಕೋಣೆಗಳಲ್ಲಿ ಚರಂಡಿಯ ನೀರೂ ಸೇರಿ ಮೊಣಕಾಲುದ್ದ ನಿಂತಿತು. ಊರಿನವರು ಅದಕ್ಕೆ ‘ಟ್ಯಾಕ್ಸ್ ಡೇ ಫ್ಲಡ್’ ಎಂದೇ ಹೆಸರಿಟ್ಟರು. ನೀರು ಇಳಿದ ದಿನ ನನ್ನ ಹೆಂಡತಿ, "ಸದ್ಯ, ಹೋಯ್ತಲ್ಲ!" ಅಂದಳು. ಎಲ್ಲಿಗೆ ಹೋಯಿತು ಎಂದು ಇಬ್ಬರೂ ಕೇಳಲಿಲ್ಲ.

ಒಂದು ಖಾತೆಯಿಂದ ಹೊರಟದ್ದು ಇನ್ನೊಂದು ಖಾತೆಯಲ್ಲಿ ಜಮೆಯಾಗಲೇಬೇಕು. ಇದು ಬಿಕಾಂ ಮೊದಲ ವರ್ಷದ ಪಾಠ. ಆ ಪಾಠ ನೀರಿಗೂ ಸಲ್ಲುತ್ತದೆ ಎಂದು ತಿಳಿಯಲು ನನಗೆ ಐದು ವರ್ಷ ಬೇಕಾಯಿತು. ಆ ನೀರು ಜಮೆಯಾದ ಜಾಗದ ಹೆಸರು ‘ಫ್ಲವರ್ ಗಾರ್ಡನ್ ಬ್ಯಾಂಕ್ಸ್’. ಹೆಸರಿನಲ್ಲಿ ಬ್ಯಾಂಕ್ ಇದ್ದರೂ ಹಣದ ವ್ಯವಹಾರ ಇಲ್ಲಿಲ್ಲ. ಅವು ಕಡಲಡಿಯ ಹವಳದ ದಿಬ್ಬಗಳು.

ಹವಳವೆಂದರೆ ನಮಗೆ ನೆನಪಾಗುವುದು ಅಜ್ಜಿಯ ಕೊರಳಿನ ಕೆಂಪು ಮಣಿ. ದಿಬ್ಬ ಕಟ್ಟುವ ಹವಳದ ಜಾತಿ ಬೇರೆ. ಅದು ಕಲ್ಲಿನಂತೆ ಕಾಣುವ, ಸಾವಿರಾರು ಪುಟ್ಟ ಜೀವಿಗಳ ವಠಾರ. ಆ ಜೀವಿಗಳ ಮೈಯೊಳಗೆ ಇನ್ನೂ ಸಣ್ಣ ಪಾಚಿಗಳು ಬಾಡಿಗೆಗಿವೆ. ಅವು ಬಿಸಿಲಿನಿಂದ ಆಹಾರ ತಯಾರಿಸಿ ಮನೆಯೊಡೆಯನಿಗೆ ಬಾಡಿಗೆ ಕೊಡುತ್ತವೆ, ಹವಳಕ್ಕೆ ಬಣ್ಣವನ್ನೂ ಕೊಡುತ್ತವೆ. ನೀರು ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ ಕೆಲವು ವಾರ ಹಾಗೇ ಉಳಿದರೆ ಸಾಕು, ಹವಳ ಆ ಪಾಚಿಯನ್ನು ಹೊರದಬ್ಬಿ ಬೆಳ್ಳಗಾಗುತ್ತದೆ. ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಹಸಿದು ಸಾಯುತ್ತದೆ.

ಟೆಕ್ಸಸ್ ತೀರದಿಂದ ನೂರು ಮೈಲಿಗೂ ಹೆಚ್ಚು ದೂರದಲ್ಲಿ, ಮೆಕ್ಸಿಕೋ ಕೊಲ್ಲಿಯ ತಳದ ಕೆಳಗಿದ್ದ ಪುರಾತನ ಉಪ್ಪಿನ ಪದರ ಗುಮ್ಮಟದಂತೆ ಮೇಲೆದ್ದಿತು. ಅದರ ನೆತ್ತಿ ಬಿಸಿಲಿಗೆ ನಿಲುಕುವಷ್ಟು ಎತ್ತರವಾದದ್ದರಿಂದ ಅಲ್ಲಿ ಹವಳ ಬೇರೂರಿತು. ನೂರು ವರ್ಷಕ್ಕೂ ಹಿಂದೆ ಅಲ್ಲಿಗೆ ಹೋದ ಮೀನುಗಾರರು ತಿಳಿನೀರಿನ ಕೆಳಗೆ ಬಣ್ಣಗಳನ್ನು ಕಂಡು ಅದನ್ನು ಹೂದೋಟ ಎಂದರು. ಇಷ್ಟು ಉತ್ತರದಲ್ಲಿ ಹವಳವೇ ಎಂದು ಅನುಮಾನಪಟ್ಟವರಿದ್ದರು. 1960ರ ದಶಕದ ಮೊದಲಲ್ಲಿ ಹ್ಯೂಸ್ಟನ್ನಿನ ವಸ್ತುಸಂಗ್ರಹಾಲಯದ ಥಾಮಸ್ ಪುಲ್ಲಿ ತಂಡ ಕಟ್ಟಿಕೊಂಡು ಹೋಗಿ ಮುಳುಗಿ ನೋಡಿ ಬಂದ ಮೇಲೆ ಸಂಶಯ ತೀರಿತು.

ಆ ಹೊತ್ತಿಗೆ ಕೊಲ್ಲಿಯಲ್ಲಿ ತೈಲದ ಕಾಲ ಬಂದಿತ್ತು. ಹಡಗುಗಳ ಟನ್‌ಗಟ್ಟಲೆ ತೂಕದ ಲಂಗರು ಒಮ್ಮೆ ಎಳೆದರೆ ನೂರಾರು ವರ್ಷದ ಹವಳ ಪುಡಿ. ಸರ್ಕಾರ ದಿಬ್ಬದ ನೆತ್ತಿಯ ಮೇಲೆ ತೈಲಕ್ಕಾಗಿ ಕೊರೆಯುವುದನ್ನು ತಡೆಯಿತು. ಹತ್ತಿರ ಕೊರೆಯುವವರು ಕೆಸರನ್ನು ಕೊಳವೆಯಲ್ಲಿ ಕಡಲ ತಳಕ್ಕೇ ಇಳಿಸಬೇಕೆಂದು ವಿಧಿಸಿತು. ಹವ್ಯಾಸಿ ಸ್ಕೂಬಾ ಡೈವರ್‌ಗಳು ದೋಣಿಗಳು ಲಂಗರು ಬಿಡದಿರಲೆಂದು ತಾವೇ ದುಡಿದು ತೇಲುಗೂಟಗಳನ್ನು ಕಟ್ಟಿದರು. 1992ರ ಜನವರಿಯಲ್ಲಿ ಇದು ರಾಷ್ಟ್ರೀಯ ಕಡಲಧಾಮವಾಯಿತು. 2021ರಲ್ಲಿ 56 ಚದರ ಮೈಲಿಯಿಂದ 160ಕ್ಕೆ ಬೆಳೆದು 17 ದಿಬ್ಬಗಳನ್ನು ಒಳಗೊಂಡಿತು.

ಲೆಕ್ಕಿಗನಾದ ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. 1989ರಿಂದ ಇಲ್ಲಿ ಹವಳ ಎಷ್ಟು ಜಾಗದಲ್ಲಿ ಹಬ್ಬಿದೆಯೆಂದು ನಿಗದಿತ ಜಾಗಗಳಲ್ಲಿ ಅಳೆದು ಬರೆದಿಡುತ್ತ ಬಂದಿದ್ದಾರೆ. ಕೆರಿಬಿಯನ್ನಿನ ಅನೇಕ ದಿಬ್ಬಗಳು ಬೋಳಾಗುತ್ತಿದ್ದಾಗ ಇಲ್ಲಿ ಅರ್ಧಕ್ಕೂ ಹೆಚ್ಚು ಜಾಗ ಜೀವಂತ ಹವಳದ್ದೇ ಆಗಿತ್ತು. ಆರಂಭದ ಶಿಲ್ಕು ಬರೆದಿಡದಿದ್ದರೆ ನಷ್ಟವಾದದ್ದು ಗೊತ್ತಾಗುವುದಾದರೂ ಹೇಗೆ?

ನಷ್ಟ ಬಂದದ್ದು 2016ರ ಜುಲೈನಲ್ಲಿ. ಪೂರ್ವದ ದಿಬ್ಬದಲ್ಲಿ ಮುಳುಗಿದವರಿಗೆ ಹಸಿರು ಮಬ್ಬುನೀರು, ಬಿಳಿ ಲೋಳೆ ಹೊದ್ದು ಸತ್ತ ಹವಳ, ಸತ್ತ ಸ್ಪಂಜುಗಳು ಕಂಡವು. ಅಲ್ಲಿ ಆಮ್ಲಜನಕ ಕಡಿಮೆಯಾಗಿದ್ದಿರಬೇಕು, ಆ ವಸಂತದ ಪ್ರವಾಹದ ನೀರೂ ಅದಕ್ಕೆ ಕಾರಣವಾಗಿರಬೇಕು ಎಂಬುದು ವಿಜ್ಞಾನಿಗಳ ಊಹೆ. ಅದೇ ವರ್ಷ ಬಿಸಿಯಿಂದ ಹವಳ ಬೆಳ್ಳಗಾಯಿತು. ಮರುವರ್ಷ ಹಾರ್ವಿ ಚಂಡಮಾರುತ. 2021ರಲ್ಲಿ ಪ್ರಕಟವಾದ ಅಧ್ಯಯನ ಈ ಎರಡೂ ಪ್ರವಾಹಗಳ ಬಳಿಕ ಅಲ್ಲಿನ ಸ್ಪಂಜುಗಳಲ್ಲಿ ಮನುಷ್ಯರ ಮಲದ ಬ್ಯಾಕ್ಟೀರಿಯಾ ಸಿಕ್ಕಿದ್ದನ್ನು ಹೇಳಿತು. ಓದಿದಾಗ ನಮ್ಮ ಮನೆಯ ಕೆಳಗಿನ ಕೋಣೆಗಳು ಕಣ್ಣಿಗೆ ಕಟ್ಟಿದವು. ನೀರು ‘ಹೋದದ್ದು’ ಅಲ್ಲಿಗೆ.

ಆ ಹೊತ್ತಿಗೆ ನಾವು ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ಗೆ ಬಂದಾಗಿತ್ತು. ಕಡಲು ಇಲ್ಲಿಂದ ಮುನ್ನೂರು ಮೈಲಿ. ನಮಗೂ ಹವಳಕ್ಕೂ ಇನ್ನೇನು ನಂಟು ಎಂದುಕೊಂಡಿದ್ದೆ. ಒಂದು ದಿನ ಭೂಪಟ ತೆರೆದೆ. ಮಕ್ಕಳು ಈಜುವ ಲೂಯಿಸ್‌ವಿಲ್ ಕೆರೆ ಟ್ರಿನಿಟಿ ನದಿಯ ಕವಲಿಗೆ ಕಟ್ಟಿದ ಅಣೆಕಟ್ಟು. ಆ ನದಿ ಡಲ್ಲಾಸ್ ದಾಟಿ ಗ್ಯಾಲ್ವೆಸ್ಟನ್ ಕೊಲ್ಲಿ ಸೇರಿ ಅದೇ ಕಡಲಿಗೆ ಹೋಗುತ್ತದೆ. ನಾನು ಹುಲ್ಲಿಗೆ ಧಾರಾಳವಾಗಿ ಹಾಕುತ್ತಿದ್ದ ಗೊಬ್ಬರದ ಚೀಟಿಯಲ್ಲಿ ವಿಳಾಸ ಬರೆದಂತಾಯಿತು.

ಇದಕ್ಕಿಂತ ದೊಡ್ಡ ಬಾಕಿಯೂ ನನ್ನದಿದೆ. ಹದಿನೈದು ವರ್ಷ ನಾನು ಲೆಕ್ಕ ನೋಡಿದ್ದು ತೈಲ, ಅನಿಲದ ಕಂಪನಿಗಳದ್ದು. ಮನೆಯ ಸಾಲ ತೀರಿದ್ದು ಆ ಹಣದಿಂದ. ಅಲ್ಲಿ ಬಾವಿಯ ಸವಕಳಿಗೆ ಕಲಮು ಇತ್ತು, ಕಡಲು ಕಾದದ್ದಕ್ಕೆ ಇರಲಿಲ್ಲ. ಧಾಮದ ಗಡಿ ಲಂಗರನ್ನು ತಡೆಯಬಲ್ಲದು, ಬಿಸಿಯನ್ನಲ್ಲ.

ನಮ್ಮೂರಿಗೂ ಈ ಮಾತು ಹೊಸದಲ್ಲ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿಯ ಸುತ್ತಲೂ ಹವಳವಿದೆ. ನೌಕಾಪಡೆಯ ಗುಂಡಿನ ಅಭ್ಯಾಸಕ್ಕೆ ಆ ದ್ವೀಪ ಗುರಿಯಾಗಿತ್ತು. ಈಗ ಡೈವಿಂಗ್ ಪ್ರವಾಸಿಗರ ಗುರಿ. 2001ರಲ್ಲಿ ದಿಬ್ಬ ಕಟ್ಟುವ ಹವಳವನ್ನು ಭಾರತದ ವನ್ಯಜೀವಿ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಿದ್ದಾರೆ. ಕಾನೂನಿದೆ; ಆದರೆ ದೋಣಿ ಎಲ್ಲಿ ಲಂಗರು ಬಿಡುತ್ತದೆ, ವರ್ಷ ವರ್ಷ ಯಾರು ಅಳೆಯುತ್ತಾರೆ ಎಂಬುದನ್ನು ಊರಿನ ಓದುಗರು ಕೇಳುತ್ತಿರಬೇಕು.

ಟೆಕ್ಸಸ್ಸಿನ ಹೂದೋಟದಲ್ಲಿ ಆಗಸ್ಟ್ ಹುಣ್ಣಿಮೆ ಕಳೆದು ಏಳರಿಂದ ಹತ್ತನೆಯ ರಾತ್ರಿಯೊಳಗೆ ಹವಳಗಳೆಲ್ಲ ಒಟ್ಟಿಗೆ ತತ್ತಿ, ವೀರ್ಯವನ್ನು ನೀರಿಗೆ ಬಿಡುತ್ತವೆ. ಮನುಷ್ಯರು ಅದನ್ನು ಮೊದಲು ಕಂಡದ್ದು 1990ರಲ್ಲಿ. ಪಂಚಾಂಗ ನೋಡಿದೆ: ಹುಣ್ಣಿಮೆ ನೂಲು ಹುಣ್ಣಿಮೆಯಾದ ವರ್ಷ ಅದು ಗೋಕುಲಾಷ್ಟಮಿಯ ಆಸುಪಾಸು. ಈಗ ನಮ್ಮ ಮನೆಯಲ್ಲಿ ಚಕ್ಕುಲಿ ಕರಿಯುವ ಸಂಜೆ ಹೆಂಡತಿ ಕೇಳುತ್ತಾಳೆ, "ಅಲ್ಲೂ ಇವತ್ತೇ ಏನ್ರೀ?" ನಾನು ಪಂಚಾಂಗ ತೆಗೆದು ರಾತ್ರಿ ಎಣಿಸುತ್ತೇನೆ. ಹುಲ್ಲಿಗೆ ಗೊಬ್ಬರ ಹಾಕುವುದನ್ನು ನಿಲ್ಲಿಸಿದ್ದೇನೆ. ಬಾಕಿಯಲ್ಲಿ ಅದು ಚಿಲ್ಲರೆ. ಆದರೂ ಜಮೆ ಕಡೆ ಬರೆದ ಮೊದಲ ಸಾಲು.