ಬಿಳಿ ವೈರಿನ ಕಥೆ

ಕನಕಪುರದ ಹತ್ತಿರ ನಮ್ಮ ಮಾವನ ಮನೇಲಿ ಒಂದು ಹಳೇ ಜೀಪಿದೆ. ಈಗಿನವರು ಎಸ್‌ಯುವಿ ಅಂತ ಕರೆಯೋ ಜಾತಿಯ ಅಜ್ಜ. ಹಿಂದೆ ಒಂದು ಪುಟ್ಟ ಟ್ರೇಲರ್. ಗೂಡು ಬಿಡಿಸಿದ ಮೇಲೆ ಮೂರ್ನಾಲ್ಕು ಮನೆಯವರ ರೇಷ್ಮೆಗೂಡು ಅದರಲ್ಲೇ ರಾಮನಗರದ ಮಾರುಕಟ್ಟೆಗೆ ಹೋಗುತ್ತೆ. ತಡ ಮಾಡೋ ಹಾಗಿಲ್ಲ. ಒಳಗಿನ ಚಿಟ್ಟೆ ತೂತು ಮಾಡಿ ಹೊರಗೆ ಬಂದರೆ ಆ ಗೂಡಿನಿಂದ ಎಳೆ ಬಿಚ್ಚೋಕಾಗಲ್ಲ. ಹಾಗಾಗಿ ಬೆಳಗಿನ ಜಾವ ಕತ್ತಲಲ್ಲೇ ಹೊರಡಬೇಕು.

ಹೋದ ಸಲ ನಾನು ಊರಲ್ಲಿದ್ದಾಗ ಟ್ರೇಲರಿನ ದೀಪ ಕೈಕೊಟ್ಟಿತು. ಟೈಲ್ ಲೈಟ್ ಹಾಕಿದರೆ ಮಿಣುಕು ಬೆಳಕು. ಬ್ರೇಕ್ ತುಳಿದರೆ ಅದೂ ಮಂಕು. ಇಂಡಿಕೇಟರ್ ಹಾಕಿದರೆ ಟೈಲ್ ಲೈಟೂ ಜೊತೆಗೆ ಮಿಟುಕುತ್ತೆ.

'ಬಲ್ಬ್ ಹೋಗೈತೆ ಕಣ್ಲಾ. ಬಿಡು, ಹತ್ತಿಪ್ಪತ್ತು ಮೈಲಿ ದಾರಿ, ಹಂಗೇ ಹೋಗಣ' ಅಂದರು ಮಾವ. ನಾನು ಒಪ್ಪಲಿಲ್ಲ. ದೀಪವಿಲ್ಲದ ಟ್ರೇಲರಿಗೆ ಬೈಕ್ ಗುದ್ದಿದ ನಮ್ಮೂರ ಹುಡುಗ ಇವತ್ತಿಗೂ ಕುಂಟುತ್ತಾನೆ. ಅದು ಮಾವನಿಗೂ ಗೊತ್ತು.

ಜೀಪಿಗೆ ಟ್ರೇಲರ್ ಕಟ್ಟೋದು ಹೊಸದಲ್ಲ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿಗೆ ಕಾಲು ಟನ್ನಿನ ಟ್ರೇಲರ್ ಇತ್ತು, 6 ವೋಲ್ಟಿನ ಕರೆಂಟಿತ್ತು. ಆದರೆ ಅದರ ಬ್ಲಾಕ್‌ಔಟ್ ದೀಪಗಳನ್ನು ಮಾಡಿದ್ದೇ ಮಂಕಾಗಿರಲಿ ಅಂತ. ಹಿಂದೆ ಬರೋ ಲಾರಿಗೆ ಕಾಣಬೇಕು, ಮೇಲಿನ ವಿಮಾನಕ್ಕೆ ಕಾಣಬಾರದು. ಯುದ್ಧ ಮುಗಿದ ಮೇಲೆ ಮಹೀಂದ್ರಾದವರು ಅದೇ ವಂಶದ ಜೀಪುಗಳನ್ನು ಇಲ್ಲಿ ಜೋಡಿಸೋಕೆ ಶುರು ಮಾಡಿದರು. ಸೈನ್ಯದ ಗಾಡಿ ಹೊಲದ ಗಾಡಿಯಾಯಿತು, 6 ವೋಲ್ಟ್ 12 ಆಯಿತು. ಎತ್ತಿನಗಾಡಿ ಕೆಳಗೆ ಲಾಟೀನು ನೇತುಹಾಕಿಕೊಂಡು ಹೋಗುತ್ತಿದ್ದ ಜನರ ಮಕ್ಕಳು ಟ್ರೇಲರಿಗೆ ವೈರ್ ಎಳೆದರು.

ಆ ವೈರಿಂಗಿನಲ್ಲಿ ಒಂದು ಹಳೇ ಜಿಪುಣತನ ಇದೆ. ಬಲ್ಬಿಗೆ ಕರೆಂಟ್ ಹೋಗೋಕೆ ಒಂದು ದಾರಿ, ವಾಪಸ್ ಬರೋಕೆ ಒಂದು ದಾರಿ ಬೇಕು. ತಾಮ್ರ ಉಳಿಸೋಕೆ ಕಾರು ಮಾಡೋರು ವಾಪಸ್ ದಾರಿಗೆ ವೈರ್ ಬಿಟ್ಟು ಗಾಡಿಯ ಕಬ್ಬಿಣವನ್ನೇ ಬಳಸಿದರು. ಅದೇ ಅರ್ಥಿಂಗ್. ಗಾಡಿ ಒಂದೇ ಇದ್ದಾಗ ಸರಿ. ಟ್ರೇಲರ್ ಬೇರೆ ಕಬ್ಬಿಣ. ನಡುವೆ ಇರೋದು ಕೊಂಡಿ ಮಾತ್ರ. ಅದಕ್ಕೇ ಏಳು ಪಿನ್ನಿನ ಸಾಕೆಟ್ಟಿನ ಐಎಸ್‌ಒ 1724 ಅನ್ನೋ ಅಂತರರಾಷ್ಟ್ರೀಯ ಮಾನದಂಡದಲ್ಲಿ ಮೂರನೇ ಪಿನ್ನು, ಬಿಳಿ ವೈರು, ಅರ್ಥಿಂಗಿಗೇ ಮೀಸಲು.

ನಮ್ಮ ಸಾಕೆಟ್ ಬಿಚ್ಚಿ ನೋಡಿದೆ. ಹಸಿರು, ಹಳದಿ, ಯಾವುದೋ ಫ್ಯಾನಿನಿಂದ ಕಿತ್ತ ಕಪ್ಪು, ಅದರ ಮೇಲೆ ಮೂರು ತರದ ಟೇಪು. ಮೂವತ್ತು ವರ್ಷದ ರಿಪೇರಿ ಇತಿಹಾಸ ಪದರ ಪದರವಾಗಿ ಕೂತಿದೆ. ಮೂರನೇ ಪಿನ್ನು ಮಾತ್ರ ಖಾಲಿ!

'ಮಾವ, ಕೊಂಡಿಗೆ ಏನಾದ್ರೂ ಮಾಡಿದ್ರಾ?'

'ತುಕ್ಕು ಹಿಡಿದಿತ್ತು, ಹೋದ ವಾರ ಪೇಂಟ್ ಹೊಡೆದೆ.'

ಸಿಕ್ಕಿತು. ಇಷ್ಟು ವರ್ಷ ಕರೆಂಟ್ ವಾಪಸಾಗುತ್ತಿದ್ದದ್ದು ಕೊಂಡಿಯ ಕಬ್ಬಿಣದಿಂದ. ಪೇಂಟು ಆ ದಾರಿ ಮುಚ್ಚಿತ್ತು. ಟೈಲ್ ಲೈಟಿನ ಕರೆಂಟು ಬ್ರೇಕಿನ, ಇಂಡಿಕೇಟರಿನ ಬಲ್ಬುಗಳೊಳಗೆ ನುಸುಳಿ ಹಿಂತಿರುಗುತ್ತಿತ್ತು. ಬ್ರೇಕ್ ತುಳಿದರೆ ಆ ಒಳದಾರಿಯೂ ಬಂದ್.

ಪರೀಕ್ಷೆ ಸುಲಭ. ಬ್ಯಾಟರಿಯ ಮೈನಸ್‌ನಿಂದ ಉದ್ದನೆಯ ವೈರೊಂದನ್ನ ಟ್ರೇಲರಿನ ಕೆರೆದ ಕಬ್ಬಿಣಕ್ಕೆ ಮುಟ್ಟಿಸಿದೆ. ದೀಪಗಳೆಲ್ಲ ಒಟ್ಟಿಗೆ ಕೆಂಪಗೆ ಎದ್ದವು. ಆಮೇಲೆ ಮೂರನೇ ಪಿನ್ನಿಗೆ ದಪ್ಪ ಬಿಳಿ ವೈರ್ ಹಾಕಿ, ಎರಡೂ ಕಡೆ ಕಬ್ಬಿಣ ಉಜ್ಜಿ ಬೋಲ್ಟ್ ಬಿಗಿದೆ. ಹೊಸ ಬಲ್ಬು ಒಂದೂ ಬೇಕಾಗಲಿಲ್ಲ.

ಜಾವಕ್ಕೆ ಮಾವ ಹೊರಟರು, ನಾನು ಬೈಕಲ್ಲಿ ಹಿಂದೆ ಹೋದೆ. ತಿರುವಿನಲ್ಲಿ ಜೀಪು ಮರೆಯಾಗುವಾಗ ಎರಡು ಕೆಂಪು ದೀಪ ಮಾತ್ರ ಕಾಣುತ್ತಿದ್ದವು. ದೂರದಿಂದಲೇ ಬ್ರೇಕ್ ಹಿಡಿದೆ.