ಜೀವಕೋಶದ ಕಡೆಯ ಎಳೆ

ಪ್ರಾಣಿಗಳ ಶರೀರವು ಜೀವಕೋಶಗಳಿಂದ ಕೂಡಿದುದೆಂಬುದೂ, ಒಂದು ಕೋಶವು ಎರಡಾಗಿ, ಎರಡು ನಾಲ್ಕಾಗಿ ಶರೀರವು ಬೆಳೆಯುವುದೆಂಬುದೂ ಈಗ ಶಾಲೆಯ ಮಕ್ಕಳೂ ಅರಿತ ಸಂಗತಿಯಾಗಿದೆ. ಆದರೆ ಒಂದು ಎರಡಾಗುವುದು ಹೇಗೆ, ಕೂಡಿದ್ದುದನ್ನು ಕಟ್ಟಕಡೆಗೆ ಕಡಿಯುವುದು ಯಾವುದು ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಸುಮಾರು ಎರಡು ಶತಮಾನಗಳು ಹಿಡಿದುವು.

ಕ್ರಿ. ಶ. 1824ರಲ್ಲಿ ಪ್ರೆವೊ ಮತ್ತು ಡ್ಯೂಮಾ ಎಂಬ ಇಬ್ಬರು ಪಂಡಿತರು, ಕಪ್ಪೆಯ ಮೊಟ್ಟೆಯ ಮೇಲೆ ಒಂದು ಗೆರೆ ಮೂಡಿ, ಅದು ಆಳವಾಗುತ್ತ ಹೋಗಿ ಮೊಟ್ಟೆಯನ್ನು ಹೋಳಾಗಿಸುವುದನ್ನು ವರ್ಣಿಸಿದರು. ಕೋಶವೆಂಬ ಕಲ್ಪನೆಯೇ ಆಗ ಬಲಿತಿರಲಿಲ್ಲವಾದುದರಿಂದ ತಾವು ಕಂಡುದರ ಅರ್ಥವು ಅವರಿಗೆ ಹೊಳೆಯುವಂತಿರಲಿಲ್ಲ. 1839ರಲ್ಲಿ ಕೋಶಸಿದ್ಧಾಂತವನ್ನು ಸಾರಿದ ಶ್ವಾನನೂ, ಸಕ್ಕರೆಯ ಪಾಕದಲ್ಲಿ ಹರಳು ಕಟ್ಟುವಂತೆ ಹೊಸ ಕೋಶಗಳು ದ್ರವದಲ್ಲಿ ತಾವಾಗಿ ಹುಟ್ಟುವುವೆಂದೇ ನಂಬಿದ್ದನು. ಬರ್ಲಿನ್ನಿನ ರೆಮಾಕನು ಕೋಳಿಯ ಭ್ರೂಣದ ರಕ್ತದಲ್ಲಿ ಕೋಶಗಳು ಇಬ್ಭಾಗವಾಗುವುದನ್ನು ಕಂಡು, 1852ರಲ್ಲಿ ಆ ನಂಬಿಕೆಯನ್ನು ಅಲ್ಲಗಳೆದನು. ಕೋಶವು ಕೋಶದಿಂದಲೇ ಹುಟ್ಟುವುದೆಂಬ ಸೂತ್ರದ ಕೀರ್ತಿಯು ಮಾತ್ರ ವಿರ್ಖೋವನ ಪಾಲಾಯಿತು. ವಿದ್ಯಾಲೋಕದಲ್ಲಿ ಇದೇನೂ ಹೊಸತಲ್ಲ.

ಕೀಲ್ ನಗರದ ಫ್ಲೆಮಿಂಗನು 1882ರ ತನ್ನ ಗ್ರಂಥದಲ್ಲಿ, ಕೋಶಕೇಂದ್ರದ ವರ್ಣತಂತುಗಳು ನೂಲುವ ಕದಿರಿನಾಕಾರದ ಎಳೆಗಳ ನಡುವೆ ಇಬ್ಬದಿಗೆ ಸರಿಯುವ ಕ್ರಮವನ್ನು ಸವಿಸ್ತಾರವಾಗಿ ನಿರೂಪಿಸಿದನು. 1891ರಲ್ಲಿ, ಬೇರ್ಪಡುವ ಕೋಶಗಳೆರಡನ್ನೂ ಇನ್ನೂ ಕೂಡಿಸಿಕೊಂಡಿರುವ ಸಣ್ಣ ಎಳೆಯ ಮಧ್ಯದಲ್ಲಿ ಒಂದು ಚುಕ್ಕೆಯನ್ನೂ ಆತನು ಗುರುತಿಸಿದನು. ಅದನ್ನು ಮುಂದೆ ಬಹುಕಾಲ ವಿಚಾರಿಸಿದವರು ವಿರಳ.

ಎಲ್ಲರ ದೃಷ್ಟಿಯೂ ಕೋಶದ ನಡುವು ಸಣ್ಣದಾಗುವುದರ ಮೇಲೆಯೇ ನೆಟ್ಟಿತ್ತು. ಸಸ್ಯಕೋಶವು ನಡುವೆ ಗೋಡೆಯನ್ನೆಬ್ಬಿಸಿಕೊಂಡು ಪಾಲಾಗುತ್ತದೆ. ಪ್ರಾಣಿಕೋಶವಾದರೋ ತನ್ನನ್ನು ತಾನೇ ಹಿಸುಕಿಕೊಂಡು ಎರಡಾಗಬೇಕು. ಹಿಸುಕುವ ಬಲವು ಕದಿರಿನದೆಂಬ ಊಹೆಯನ್ನು ಜಪಾನಿನ ಹಿರಾಮೋಟೋ 1956ರಲ್ಲಿ ಮುರಿದನು. ಸೀ ಅರ್ಚಿನ್ ಎಂಬ ಕಡಲ ಮುಳ್ಳುಪ್ರಾಣಿಯ ಮೊಟ್ಟೆಯಿಂದ, ಸಮಯವನ್ನರಿತು, ಕದಿರನ್ನು ಗಾಜಿನ ಸೂಕ್ಷ್ಮನಳಿಗೆಯಿಂದ ಹೀರಿ ತೆಗೆದ ಮೇಲೂ ಮೊಟ್ಟೆಯು ಎರಡಾಯಿತು. ಅಪ್ಪಣೆ ಒಳಗಿನದು, ಕೆಲಸ ಹೊರಮೈಯದು ಎಂದಾಯಿತಷ್ಟೆ.

ಆ ಅಪ್ಪಣೆಯ ಮೂಲವನ್ನು ಅರಸಿದವನು ಅಮೆರಿಕದ ರೇಮಂಡ್ ರ್ಯಾಪಪೋರ್ಟ್. 1961ರಲ್ಲಿ ಪ್ರಕಟವಾದ ಆತನ ಪ್ರಯೋಗಕ್ಕೆ ಬೇಕಾದುದು ಗಾಜಿನ ಕಡ್ಡಿಯ ತುದಿಯ ಸಣ್ಣ ಗುಂಡೊಂದೇ ಎಂದರೂ ಸಲ್ಲುವುದು. ಸ್ಯಾಂಡ್ ಡಾಲರ್ ಎಂಬ, ಬಿಲ್ಲೆಯಂತೆ ಚಪ್ಪಟೆಯಾದ ಕಡಲಪ್ರಾಣಿಯ ಮೊಟ್ಟೆಯನ್ನು ಆ ಗುಂಡಿನಿಂದ ನಡುವೆ ಒತ್ತಿ, ಉದ್ದಿನ ವಡೆಯ ಆಕಾರಕ್ಕೆ ತಂದನು. ಮೊದಲ ಸಲ ಕದಿರಿದ್ದ ಪಕ್ಕ ಮಾತ್ರ ಸೀಳಿ, ಎರಡು ಕೇಂದ್ರಗಳುಳ್ಳ, ಕುದುರೆಲಾಳದಂತಹ ಒಂದೇ ಕೋಶವು ಉಳಿಯಿತು. ಎರಡನೆಯ ಸಲ ಲಾಳದ ತೋಳುಗಳಲ್ಲಿ ಒಂದೊಂದು ಕದಿರು ಹುಟ್ಟಿ ಅಲ್ಲಲ್ಲಿ ಸೀಳಿದುದು ನಿರೀಕ್ಷಿತವೇ. ಆದರೆ ಕದಿರೇ ಇಲ್ಲದ ಬಾಗಿನಲ್ಲಿಯೂ ಮೂರನೆಯ ಸೀಳೊಂದು ಮೂಡಿತು! ಅಲ್ಲಿದ್ದುದು, ಎರಡು ಕದಿರುಗಳ ತುದಿಗಳಿಂದ ಕಿರಣಗಳಂತೆ ಹರಡಿ ಎದುರುಬದುರಾದ ತಂತುಗಳು ಮಾತ್ರ. ಅವು ಕೂಡ ಹೊರಮೈಗೆ ಸೀಳುವ ಸ್ಥಳವನ್ನು ತೋರಿಸಬಲ್ಲುವೆಂದು ಇದರಿಂದ ಸಿದ್ಧವಾಯಿತು. ಕದಿರಿನ ನಡುಭಾಗಕ್ಕೂ ಇದರಲ್ಲಿ ಪಾತ್ರವುಂಟೆಂಬುದು ಬೇರೆ ಕೋಶಗಳಿಂದ ಅನಂತರ ತಿಳಿದುಬಂದಿತು.

ಹಿಸುಕುವ ಸಾಧನವು ಕಣ್ಣಿಗೆ ಬಿದ್ದುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ. 1968ರಿಂದ ಮುಂದಿನ ವರ್ಷಗಳಲ್ಲಿ ಥಾಮಸ್ ಶ್ರೋಡರನು, ಸ್ನಾಯುಗಳಲ್ಲಿರುವಂತಹ ಆಕ್ಟಿನ್ ಎಳೆಗಳ ಉಂಗುರವೊಂದನ್ನು ಸೀಳಿನ ತಳದಲ್ಲಿ ತೋರಿಸಿಕೊಟ್ಟನು. ಅದರ ದಪ್ಪವು ಮಿಲಿಮೀಟರಿನ ಹತ್ತು ಸಾವಿರ ಭಾಗಗಳಲ್ಲಿ ಒಂದೆರಡು ಭಾಗ. ಎಲೆಯಡಕೆಯ ಸಂಚಿಯ ಬಾಯಿದಾರವನ್ನೆಳೆದಂತೆ ಅದು ಬಿಗಿಯುತ್ತದೆ. ಆದರೆ ಬಿಗಿದಂತೆಲ್ಲ ದಪ್ಪವಾಗದೆ, ತಾನೂ ಕರಗುತ್ತ ಹೋಗುತ್ತದೆ. 1977ರಲ್ಲಿ ಮಬೂಚಿ ಮತ್ತು ಒಕೂನೋ ನಕ್ಷತ್ರಮೀನಿನ ಮೊಟ್ಟೆಯಲ್ಲಿ ಮಯೋಸಿನ್ ಎಂಬ ಸ್ನಾಯುಪ್ರೋಟೀನನ್ನು ಪ್ರತಿಕಾಯಗಳಿಂದ ತಡೆದಾಗ ಕೇಂದ್ರಗಳು ಭಾಗವಾಗುತ್ತಲೇ ಹೋದುವು. ಕೋಶವು ಮಾತ್ರ ಒಡೆಯಲಿಲ್ಲ.

ಇಂತಹ ಅರೆವಿಭಾಗವು ಬರಿಯ ಕುತೂಹಲದ ವಿಷಯವಲ್ಲ. ವರ್ಣತಂತುಗಳ ಹಂಚಿಕೆ ಕೆಡುವುದೇ ಕ್ಯಾನ್ಸರ್ ಎಂಬ ಅರ್ಬುದರೋಗದ ಮೂಲವಿರಬಹುದೆಂದು ಬೊವೇರಿ 1914ರಲ್ಲಿಯೇ ಬರೆದಿದ್ದನು. 2005ರಲ್ಲಿ ಅಮೆರಿಕದ ಸಂಶೋಧಕರು, ರಕ್ಷಕ ಜೀನೊಂದನ್ನು ಕಳೆದುಕೊಂಡಿದ್ದ ಇಲಿಯ ಸ್ತನದ ಕೋಶಗಳನ್ನು ಬೇರ್ಪಡದಂತೆ ತಡೆದು, ಹಾಗೆ ವರ್ಣತಂತುಗಳು ಇಮ್ಮಡಿಯಾದ ಕೋಶಗಳನ್ನು ಇಲಿಗಳ ಮೈಗೆ ಸೇರಿಸಿದಾಗ ಗಡ್ಡೆಗಳೆದ್ದುವು. ಸರಿಯಾಗಿ ಬೇರ್ಪಟ್ಟಿದ್ದ ಅದೇ ಬಗೆಯ ಕೋಶಗಳಿಂದ ಏಳಲಿಲ್ಲ.

ಉಂಗುರವು ಎಷ್ಟು ಬಿಗಿದರೂ ಕಡೆಗೆ ಫ್ಲೆಮಿಂಗನ ಆ ಎಳೆ ಉಳಿದೇ ಉಳಿಯುತ್ತದೆ. ಮನುಷ್ಯರ ಕೋಶಗಳಲ್ಲಿ ಗಂಟೆಗಟ್ಟಲೆ ನಿಲ್ಲುವುದೂ ಉಂಟು. ಅದನ್ನು ಕಡಿಯುವ ಕತ್ತರಿಯ ಸುಳಿವು ಬಂದುದು, ಯಾರೂ ನಿರೀಕ್ಷಿಸದ ಕಡೆಯಿಂದ, ಏಡ್ಸ್ ರೋಗದ ವೈರಸ್ಸಿನಿಂದ. ಆ ವೈರಸ್ಸು ಕೋಶದ ಮೈಯಿಂದ ಮೊಳೆತು ಹೊರಬೀಳುವಾಗ, ತೊಟ್ಟು ಕಳಚಿಕೊಳ್ಳಲು ಕೋಶದವೇ ಆದ ಎಸ್ಕಾರ್ಟ್ ಎಂಬ ಪ್ರೋಟೀನುಗಳನ್ನು ಬಳಸಿಕೊಳ್ಳುತ್ತದೆ. ವೈರಸ್ಸು ಬರುವುದಕ್ಕೆ ಮುನ್ನ ಅವುಗಳಿಗೆ ಅಲ್ಲೇನು ಕೆಲಸವಿತ್ತು? 2007ರಲ್ಲಿ ಲಂಡನ್ನಿನ ಕಾರ್ಲ್‌ಟನ್ ಮತ್ತು ಮಾರ್ಟಿನ್-ಸೆರಾನೋ ಅವರೂ, ಯೂಟಾದ ಸುಂಡ್‌ಕ್ವಿಸ್ಟ್ ಅವರ ತಂಡವೂ, ಅವೇ ಪ್ರೋಟೀನುಗಳು 1891ರ ಚುಕ್ಕೆಗೆ ಬಂದು ಸೇರುವುವೆಂದೂ, ಅವುಗಳನ್ನು ತಪ್ಪಿಸಿದರೆ ಕೋಶಗಳು ಬೇರ್ಪಡಲಾರದೆ ಹೋಗುವುವೆಂದೂ ತೋರಿಸಿದರು. 2011ರಲ್ಲಿ ಜೂರಿಕ್ ನಗರದ ಸಂಶೋಧಕರು, ಚುಕ್ಕೆಯ ಮಗ್ಗುಲಲ್ಲಿ 17 ನ್ಯಾನೋಮೀಟರ್ ದಪ್ಪದ ಸುರುಳಿಗಳು ಎಳೆಯನ್ನು ಇನ್ನೂ ಸಣ್ಣದಾಗಿಸುವುದನ್ನು ಕಂಡರು. ಕಡಿತವು ಚುಕ್ಕೆಯಲ್ಲಲ್ಲ, ಅದರ ಪಕ್ಕದಲ್ಲಿ. ಚುಕ್ಕೆಯು ಒಮ್ಮೊಮ್ಮೆ ಒಂದು ಕೋಶದ ಪಾಲಿಗೆ ಬರುತ್ತದೆ. ಒಮ್ಮೊಮ್ಮೆ ಎರಡರಿಂದಲೂ ಕಳಚಿಕೊಂಡು ಹೊರಗೆ ಬೀಳುತ್ತದೆ.